ಹುರಿ ದುಬಾರಿ, ಹುಲ್ಲಿನ ರೋಲ್ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಹೊಳೆನರಸೀಪುರ ತಾಲ್ಲೂಕಿನ ರೈತ. ಮೂರು ಎಕರೆ ಗದ್ದೆ, ನಾಲ್ಕು ಹಸುಗಳಿವೆ. ಸಾಲ ಮಾಡಿ ಸಣ್ಣ ರೌಂಡ್ ಬೇಲರ್ (ಹುಲ್ಲನ್ನು ಉರುಳೆಯಾಗಿ ಸುತ್ತಿ ಕಟ್ಟುವ ಯಂತ್ರ) ಕೊಂಡಿದ್ದೇನೆ. ಸುಗ್ಗಿಯಲ್ಲಿ ಸುತ್ತಲಿನ ಊರುಗಳವರಿಗೆ ಭತ್ತದ ಹುಲ್ಲನ್ನು ರೋಲ್ ಕಟ್ಟಿಕೊಡುತ್ತೇನೆ. ಸೆಣಬಿನ ಹುರಿಯ ಬೆಲೆ ಮಿತಿಮೀರಿ ಏರಿದೆ. ಕಟಾವು ಜೋರಾಗಿರುವಾಗ ಅಂಗಡಿಗಳಲ್ಲಿ ಸಿಗುವುದೇ ಇಲ್ಲ, ಸಿಕ್ಕಿದರೂ ಮೊದಲಿನ ದಪ್ಪ ಇಲ್ಲ. ಪ್ಲಾಸ್ಟಿಕ್ ದಾರ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ರೋಲಿಗೆ ಐದು ರೂಪಾಯಿ ಹೆಚ್ಚು ಕೇಳಿದರೆ ಜನ ಬೇರೆ ಬೇಲರ್ ಕರೆಯುತ್ತಾರೆ. ತೆಂಗಿನ ನಾರಿನ ಹುರಿ ಬಳಸಬಹುದೇ? ಬಿಚ್ಚಿದ ಹುರಿಯನ್ನು ಮತ್ತೆ ಯಂತ್ರಕ್ಕೆ ಹಾಕಬಹುದೇ? ಖರ್ಚು ತಗ್ಗಿಸುವ ದಾರಿ ಯಾವುದು?

ಉತ್ತರ: ನೇರವಾಗಿ ಕೇಳಿದ ಎರಡಕ್ಕೂ ನೇರವಾಗಿಯೇ ಹೇಳುತ್ತೇನೆ. ತೆಂಗಿನ ನಾರಿನ ಹುರಿ ಬೇಲರ್‌ಗೆ ಬೇಡ. ಒಮ್ಮೆ ಬಿಚ್ಚಿದ ಹುರಿಯೂ ಬೇಡ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ನಿಮ್ಮ ದುಡ್ಡು ಸೋರುತ್ತಿರುವುದು ಅಂಗಡಿಯಲ್ಲಿ ಮಾತ್ರವಲ್ಲ, ಹೆಚ್ಚಿನ ಪಾಲು ಗದ್ದೆಯಲ್ಲೇ ಸೋರುತ್ತಿದೆ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಬೆಲೆಯ ವಿಷಯ. ಹಾಸನದ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ದೇಶದ ಸೆಣಬಿನ ಬಹುಪಾಲು ಬೆಳೆಯುವುದು ಪಶ್ಚಿಮ ಬಂಗಾಳದಲ್ಲಿ, ಗಿರಣಿಗಳಿರುವುದೂ ಅಲ್ಲಿಯೇ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಕಚ್ಚಾ ಸೆಣಬಿಗೆ ಕ್ವಿಂಟಲಿಗೆ 5,650 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು, ಆದರೆ ಮಾರುಕಟ್ಟೆ ಅದನ್ನು ಹಿಂದೆ ಹಾಕಿ ಬಹಳ ಮೇಲಕ್ಕೆ ಹೋಯಿತು. 2025ರ ಜೂನ್ 27ರಂದು ಬಾಂಗ್ಲಾದೇಶದಿಂದ ಭೂಮಾರ್ಗದಲ್ಲಿ ಸೆಣಬು ತರಿಸುವುದನ್ನು ಸರ್ಕಾರ ನಿಲ್ಲಿಸಿತು. ಆಗಸ್ಟ್ 11ರಂದು ಆ ಪಟ್ಟಿಗೆ ಸೆಣಬಿನ ಹುರಿ, ಹಗ್ಗ, ಚೀಲಗಳೂ ಸೇರಿದವು. ಬರುವುದಿದ್ದರೆ ಮುಂಬಯಿಯ ನವಾ ಶೇವಾ ಬಂದರಿನ ಮೂಲಕ ಮಾತ್ರ ಬರಬೇಕೆಂದಾಯಿತು. ಸೆಪ್ಟೆಂಬರಿನಲ್ಲಿ ಬಾಂಗ್ಲಾದೇಶವೂ ತನ್ನ ಕಚ್ಚಾ ಸೆಣಬಿನ ರಫ್ತಿಗೆ ಲಗಾಮು ಹಾಕಿತು. ಎರಡೂ ಕಡೆಯಿಂದ ಬಾಗಿಲು ಹಾಕಿದ ಹಾಗಾಯಿತು.

ಇನ್ನೊಂದು ಸಂಗತಿ ಇದೆ. 1987ರ ಕಾಯ್ದೆಯ ಪ್ರಕಾರ ಸರ್ಕಾರ ಖರೀದಿಸುವ ಧಾನ್ಯಕ್ಕೆ ಸೆಣಬಿನ ಚೀಲವೇ ಆಗಬೇಕು. ಅಕ್ಟೋಬರಿನಲ್ಲಿ ಭತ್ತದ ಖರೀದಿ ಶುರುವಾಗುವ ಹೊತ್ತಿಗೆ ಗಿರಣಿಗಳು ಮೊದಲು ಆ ಚೀಲಗಳ ಬೇಡಿಕೆಯನ್ನು ಪೂರೈಸುತ್ತವೆ. ನಿಮ್ಮ ಹುರಿಯ ಸರದಿ ಆಮೇಲೆ. ನಮ್ಮ ಬಯಲುಗಳಲ್ಲಿ ಕಟಾವು ಕಾವೇರುವುದು ಡಿಸೆಂಬರ್ ಜನವರಿಯಲ್ಲಿ. ಅಲ್ಲಿ ದಾಸ್ತಾನು ತೆಳುವಾಗಿರುವ ಕಾಲವೂ ಇಲ್ಲಿ ಎಲ್ಲರೂ ಒಟ್ಟಿಗೆ ಅಂಗಡಿಗೆ ನುಗ್ಗುವ ಕಾಲವೂ ಒಂದೇ. ಅದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಬೇಲರ್ ಯಂತ್ರಗಳ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರು. ಯಂತ್ರ ಅಗ್ಗವಾಯಿತು, ಒಳ್ಳೆಯದೇ. ಆದರೆ ಊರಿಗೊಂದು ಹೊಸ ಬೇಲರ್ ಬಂದರೆ ಇದ್ದ ಹುರಿಗೆ ಇನ್ನೊಬ್ಬ ಗಿರಾಕಿ ಬಂದ ಹಾಗೆಯೇ.

ಪ್ಲಾಸ್ಟಿಕ್ ದಾರವಾದರೆ ಈ ತಾಪತ್ರಯ ಇಲ್ಲ ಎಂದುಕೊಳ್ಳಬೇಡಿ. ಅದರ ಮೂಲ ಪಾಲಿಪ್ರೊಪಿಲೀನ್, ಅದರ ಮೂಲ ಪೆಟ್ರೋಲಿಯಂ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಮಗಾಳಿ ಬೀಸಿ ಅಲ್ಲಿನ ಪೆಟ್ರೋಕೆಮಿಕಲ್ ಕಾರ್ಖಾನೆಗಳು ಸ್ಥಗಿತಗೊಂಡವು. ಆ ವರ್ಷ ಅಲ್ಲಿನ ರೈತರಿಗೆ ಬೇಲ್ ಸುತ್ತುವ ಬಲೆಯೂ ದಾರವೂ ಸಿಗದೆ ಪರದಾಡಿದರು. ಕಚ್ಚಾ ತೈಲ ಏರಿದರೆ ಪ್ಲಾಸ್ಟಿಕ್ ದಾರವೂ ಏರುತ್ತದೆ.

ಈಗ ಗದ್ದೆಗೆ ಬರೋಣ. ನಿಮ್ಮ ಯಂತ್ರ ಸುತ್ತುವ ರೋಲಿನ ಅಡ್ಡಳತೆ ಸುಮಾರು 60 ಸೆಂಟಿಮೀಟರ್. ಹುರಿ ಒಂದು ಸುತ್ತು ಬರಲು ಹತ್ತಿರ ಹತ್ತಿರ 1.9 ಮೀಟರ್ ಬೇಕು. ಹತ್ತು ಸುತ್ತು ಹಾಕುತ್ತಿದ್ದರೆ 19 ಮೀಟರ್, ಏಳು ಸುತ್ತಾದರೆ 13.3 ಮೀಟರ್. ರೋಲು 16 ಕಿಲೋ ತೂಗಿ ಹತ್ತು ಸುತ್ತು ಹಾಕಿದರೆ ಒಂದು ಟನ್ ಹುಲ್ಲಿಗೆ ಹೆಚ್ಚುಕಡಿಮೆ 1,190 ಮೀಟರ್ ಹುರಿ ಹೋಗುತ್ತದೆ. ಅದೇ ರೋಲನ್ನು 22 ಕಿಲೋ ಬರುವಷ್ಟು ಬಿಗಿಯಾಗಿ ಕಟ್ಟಿ ಏಳು ಸುತ್ತಿಗೆ ನಿಲ್ಲಿಸಿದರೆ 605 ಮೀಟರ್ ಸಾಕು. ಅರ್ಧ! ಅಂಗಡಿಯವನು ಯಾವ ಕಾಲಕ್ಕೂ ಕೊಡದ ರಿಯಾಯಿತಿ ಇದು.

ಹಾಗಿದ್ದರೆ ಎಲ್ಲರೂ ಯಾಕೆ ಸಡಿಲ ರೋಲು ಕಟ್ಟುತ್ತಾರೆ? ಕೂಲಿ ರೋಲಿನ ಲೆಕ್ಕದಲ್ಲಿ ಸಿಗುವುದರಿಂದ. ಎಣಿಕೆ ಹೆಚ್ಚಾದಷ್ಟೂ ದುಡ್ಡು. ಗದ್ದೆಯ ಯಜಮಾನನೂ ಬದುವಿನ ಮೇಲೆ ನಿಂತು ರೋಲು ಎಣಿಸುತ್ತಾನೆಯೇ ಹೊರತು ತೂಗುವುದಿಲ್ಲ. ಹುರಿ ಅಗ್ಗವಾಗಿದ್ದಾಗ ಈ ಆಟ ನಡೆಯಿತು. ಈಗ ಅದೇ ಆಟ ನಿಮ್ಮ ಜೇಬು ಖಾಲಿ ಮಾಡುತ್ತಿದೆ. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಮ್ಮ ಊರಿನ ದರ ಹಾಕಿ ನೀವೇ ತಿದ್ದಿಕೊಳ್ಳಿ. ಹುರಿ ಮೀಟರಿಗೆ 40 ಪೈಸೆ, 16 ಕಿಲೋ ರೋಲಿಗೆ 40 ರೂಪಾಯಿ ಎಂದರೆ ಒಂದು ಟನ್ನಿಗೆ ನಿಮಗೆ 2,500 ಬರುತ್ತದೆ, ಅದರಲ್ಲಿ ಹುರಿಗೆ 475 ಹೋಗಿ 2,025 ಉಳಿಯುತ್ತದೆ. 22 ಕಿಲೋ ರೋಲಿಗೆ 50 ರೂಪಾಯಿ ಕೇಳಿ. ಟನ್ನಿಗೆ ಸುಮಾರು 2,270 ಬರುತ್ತದೆ, ಹುರಿಗೆ 240 ಕಳೆದರೆ 2,030 ಉಳಿಯುತ್ತದೆ. ಕೈಗೆ ಉಳಿದದ್ದು ಅಷ್ಟೇ ಎನ್ನಬೇಡಿ. ಟನ್ನಿಗೆ ಹದಿನೇಳು ರೋಲು ಕಡಿಮೆಯಾದವು, ಅಂದರೆ ಹುರಿ ಸುತ್ತಲೆಂದು ಟ್ರ್ಯಾಕ್ಟರ್ ನಿಲ್ಲಿಸುವುದು ಹದಿನೇಳು ಸಲ ತಪ್ಪಿತು. ಅದು ಡೀಸೆಲ್, ಹೊತ್ತು ಎರಡೂ. ಹುರಿ ಮೀಟರಿಗೆ 60 ಪೈಸೆ ಆದರೆ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಸಡಿಲ ರೋಲಿನವನಿಗೆ ಟನ್ನಿಗೆ 1,790 ಉಳಿದರೆ, ಬಿಗಿ ರೋಲಿನವನಿಗೆ 1,910.

ರೈತನ ಕಡೆಯಿಂದಲೂ ನೋಡಿ. ಅವನು ಕಿಲೋಗೆ 2 ರೂಪಾಯಿ 50 ಪೈಸೆ ಕೊಡುತ್ತಿದ್ದವನು ಈಗ 2 ರೂಪಾಯಿ 27 ಪೈಸೆ ಕೊಡುತ್ತಾನೆ. ರೋಲಿನ ದರ ಹತ್ತು ರೂಪಾಯಿ ಏರಿದರೂ ಅವನಿಗೆ ಲಾಭವೇ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಒಂದು ತೂಗುತಕ್ಕಡಿ ಇಟ್ಟುಕೊಳ್ಳಿ, ಕೊಕ್ಕೆಯ ಡಿಜಿಟಲ್ ತಕ್ಕಡಿಯಾದರೂ ಸಾಕು. ಮೊದಲ ಐದು ರೋಲುಗಳನ್ನು ಯಜಮಾನನ ಎದುರಿಗೇ ತೂಗಿ, ಸರಾಸರಿ ತೆಗೆದು, ಅವನ ಬಾಯಿಂದಲೇ ಕಿಲೋ ಲೆಕ್ಕ ಹೇಳಿಸಿ. ಪಕ್ಕದ ಊರಿನ ಬೇಲರಿನವನ ರೋಲೊಂದು ಅವರ ಕೊಟ್ಟಿಗೆಯಲ್ಲಿದ್ದರೆ ಅದನ್ನೂ ಕೊಕ್ಕೆಗೆ ಏರಿಸಿ. ಜನ ದರ ಹೆಚ್ಚಾಯಿತೆಂದು ಬೇರೆ ಬೇಲರ್ ಕರೆಯುವುದು ತೂಕ ಕಾಣದಿರುವವರೆಗೆ ಮಾತ್ರ.

ಬಿಗಿ ರೋಲು ಬರುವುದು ಯಂತ್ರದ ತಿರುಪು ಬಿಗಿಮಾಡಿದ್ದರಿಂದ ಮಾತ್ರವಲ್ಲ, ಓಡಿಸುವ ರೀತಿಯಿಂದ. ಕಟಾವು ಯಂತ್ರ ಬಿಟ್ಟುಹೋದ ಹುಲ್ಲಿನ ಸಾಲು ಬೇಲರಿನ ಬಾಯಿಗಿಂತ ಕಿರಿದಾಗಿದ್ದರೆ, ನೇರಕ್ಕೆ ಓಡಿಸಿದಾಗ ಹುಲ್ಲೆಲ್ಲ ನಡುವಿಗೆ ತುಂಬಿ ರೋಲು ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಒಂದೇ ಪಕ್ಕಕ್ಕೆ ತುಂಬಿದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿಯಿಂದ ಹುರಿ ಜಾರಿ ಬೀಳುತ್ತದೆ. ಜಾರದಿರಲೆಂದು ಚಾಲಕ ಇನ್ನೆರಡು ಸುತ್ತು ಹಾಕುತ್ತಾನೆ. ಹುರಿ ಖರ್ಚಾಗುವುದೇ ಹೀಗೆ, ವಕ್ರ ರೋಲನ್ನು ಹುರಿಯಿಂದ ನೇರ ಮಾಡಲು ಹೋಗಿ. ಸಾಲಿನ ಮೇಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸುತ್ತಾ ಓಡಿಸಿ. ಆದರೆ ಹಾವಿನ ಹಾಗೆ ಸರಸರನೆ ಬೇಡ. ಒಂದಿಷ್ಟು ದೂರ ಎಡ ಬದಿಗೆ ತುಂಬಿ, ಆಮೇಲೆ ಬಲಕ್ಕೆ ಸರಿಯಿರಿ. ರೋಲು ಮುಗಿಯುವ ಹೊತ್ತಿಗೆ ವೇಗ ತಗ್ಗಿಸಿ.

ಸುತ್ತಿನ ಸಂಖ್ಯೆ ಹೆಚ್ಚಿನ ಸಣ್ಣ ಬೇಲರುಗಳಲ್ಲಿ ಹುರಿಪೆಟ್ಟಿಗೆಯ ಪಕ್ಕದ ಪುಲ್ಲಿಯಿಂದ ನಿರ್ಧಾರವಾಗುತ್ತದೆ. ಬೆಲ್ಟನ್ನು ಒಂದು ಮೆಟ್ಟಿಲು ಬದಲಿಸಿದರೆ ಹುರಿ ಹಿಡಿದ ಕೈ ಬೇಗ ಸಾಗಿ ಸುತ್ತುಗಳ ನಡುವಿನ ಅಂತರ ಹೆಚ್ಚುತ್ತದೆ. ಕಂಪನಿಯವರು ಯಂತ್ರ ತಂದಿಟ್ಟ ದಿನ ಹೇಗಿತ್ತೋ ಹಾಗೆಯೇ ಬಿಟ್ಟವರು ಬಹಳ ಮಂದಿ. ಕಂಪನಿಯ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. ಎರಡು ತುದಿಗಳಲ್ಲಿ ಸುತ್ತು ಒತ್ತಾಗಿರಲಿ, ನಡುವೆ ಅಗಲವಾಗಿರಲಿ. ಉದ್ದ ಹುಲ್ಲಿಗೆ ಏಳು ಸುತ್ತು ಧಾರಾಳ. ಕಟಾವು ಯಂತ್ರ ಹುಲ್ಲನ್ನು ತುಂಡು ತುಂಡು ಮಾಡಿದ್ದರೆ ಎಂಟಕ್ಕೆ ಹೋಗಿ. ಅದಕ್ಕಿಂತ ಹೆಚ್ಚು ಬೇಕಾದರೆ ದೋಷ ಹುರಿಯಲ್ಲಿ ಇಲ್ಲ, ರೋಲಿನಲ್ಲಿದೆ.

ಹುರಿ ಪದೇ ಪದೇ ತುಂಡಾಗುತ್ತಿದ್ದರೆ ಅಂಗಡಿಯ ಮಾಲನ್ನು ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ. ಹುರಿ ಹಾದುಬರುವ ಪ್ರತಿ ಕಣ್ಣಿನ (ಲೋಹದ ಬಳೆಯ) ಒಳಗೂ ಒಂದು ಹಿಡಿ ಹತ್ತಿ ತಿರುಗಿಸಿ ತೆಗೆಯಿರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಲೋಹ ಸವೆದು ಗೀರು ಬಿದ್ದಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರಾದರೂ ಅದು ಸೆಣಬಿನ ಎಳೆಗಳನ್ನು ಒಂದೊಂದಾಗಿ ಹರಿಯುತ್ತಿರುತ್ತದೆ. ಆ ಕಣ್ಣನ್ನು ಬದಲಿಸಿ, ಇಲ್ಲವೇ ಸವೆಯದ ಬದಿಗೆ ತಿರುಗಿಸಿ ಕೂರಿಸಿ. ಹುರಿ ಕತ್ತರಿಸುವ ಚಾಕು ಮೊಂಡಾಗಿದ್ದರೆ ತುದಿ ಜೂಲು ಜೂಲಾಗಿ, ಮುಂದಿನ ರೋಲಿಗೆ ಹುರಿ ಹಿಡಿಯದೆ ಹೋಗುತ್ತದೆ. ಒಂದು ಉಂಡೆಗೆ ಇನ್ನೊಂದನ್ನು ಸೇರಿಸುವಾಗ ಹಾಕುವ ಗಂಟು ಚಿಕ್ಕದಾಗಿರಲಿ, ಬಾಲಗಳನ್ನು ಕತ್ತರಿಸಿ ತೆಗೆಯಿರಿ.

ತೆಂಗಿನ ನಾರು ಯಾಕೆ ಬೇಡ ಎಂದೆನೋ, ಕಾರಣ ಇಲ್ಲಿದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನಾರಿಗೆ ಬರವಿಲ್ಲ, ಆಸೆಯಾಗುವುದು ಸಹಜ. ಆದರೆ ನಾರಿನ ಹುರಿ ದಪ್ಪ, ಒರಟು, ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ, ಚಾಕುವನ್ನು ಬೇಗ ಮೊಂಡು ಮಾಡುತ್ತದೆ. ಟ್ರಾಲಿಯ ಮೇಲೆ ರೋಲು ಹೇರಿ ಬಿಗಿಯಲು ಅದಕ್ಕಿಂತ ಒಳ್ಳೆಯ ಹಗ್ಗ ಇಲ್ಲ, ಅಲ್ಲಿಗೇ ಇರಲಿ. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಪಸೆಣಬಿನಿಂದ ನಾರು ತೆಗೆಯಬಹುದಲ್ಲ ಎಂದು ಕೇಳುವವರಿದ್ದಾರೆ. ತೆಗೆಯಬಹುದು. ಅದು ಕೈಯಲ್ಲಿ ಕಂತೆ ಕಟ್ಟಲು ಆಗುತ್ತದೆ, ಯಂತ್ರಕ್ಕೆ ಆಗದು. ಬಿಚ್ಚಿದ ಹುರಿಯದ್ದೂ ಇದೇ ಕಥೆ. ಆರು ತಿಂಗಳು ಹುಲ್ಲಿನ ಬಿಸಿ, ತೇವ, ಇಲಿಯ ಹಲ್ಲು ಕಂಡಿರುವ ಹುರಿ ಅದು. ಹದಿಮೂರು ಮೀಟರಿನ ತುಂಡುಗಳನ್ನು ಗಂಟು ಹಾಕುತ್ತಾ ಹೋದರೆ ರೋಲಿಗೊಂದು ಗಂಟು, ಗಂಟಿಗೊಂದು ನಿಲುಗಡೆ. ಆದರೂ ಎಸೆಯಬೇಡಿ. ರೌಂಡ್ ರೋಲಿನ ಹುರಿಗೆ ಗಂಟೇ ಇರುವುದಿಲ್ಲ, ತುದಿ ಹುಡುಕಿ ಎಳೆದರೆ ಇಡೀ ಎಳೆ ಬಿಚ್ಚಿ ಬರುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟಲು ಇಂಥದ್ದನ್ನೇ ಬಳಸಬಹುದು. ಬಳ್ಳಿ ಬೇರು ಹಿಡಿಯುವ ಹೊತ್ತಿಗೆ ಸೆಣಬು ತಾನೇ ಕೊಳೆತು ಬೀಳುತ್ತದೆ, ಬಳ್ಳಿಯ ಕತ್ತು ಹಿಸುಕುವುದಿಲ್ಲ. ಹುರುಳಿಕಾಯಿ, ಟೊಮೆಟೊ ಕಟ್ಟುವವರಿಗೂ ಆದೀತು.

ಪ್ಲಾಸ್ಟಿಕ್ ಬಗ್ಗೆ ನನ್ನ ಮಾತು ಕಟುವಾಗಿಯೇ ಇರುತ್ತದೆ. ನಿಮ್ಮ ಮನೆಯಲ್ಲೇ ನಾಲ್ಕು ಹಸುಗಳಿವೆ. ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಎಳೆ ಕರಗುವುದಿಲ್ಲ, ಸಗಣಿಯಲ್ಲಿ ಸುಲಭವಾಗಿ ಹೊರಬರುವುದೂ ಇಲ್ಲ. ಮೊದಲ ಹೊಟ್ಟೆಯಲ್ಲಿ ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯಬೇಕು. ಹುರಿಯಲ್ಲಿ ಉಳಿಸಿದ ದುಡ್ಡು ಅಲ್ಲಿ ಹತ್ತು ಪಟ್ಟು ಹೋಗುತ್ತದೆ. ಬಿಸಿಲು ತಡೆಯುವ ಗುಣವಿಲ್ಲದ ಅಗ್ಗದ ದಾರವಾದರೆ ಬಯಲಿನಲ್ಲಿ ಬಿದ್ದ ರೋಲಿನ ಮೇಲೆಯೇ ಪುಡಿಯಾಗಿ ಹುಲ್ಲಿಗೆ ಬೆರೆಯುತ್ತದೆ. ಇದಕ್ಕಿಂತ ಕೆಟ್ಟದ್ದು, ರೋಲನ್ನು ದಾರದ ಸಮೇತ ಮೇವು ಕತ್ತರಿಸುವ ಯಂತ್ರಕ್ಕೆ ಒಡ್ಡುವುದು. ಇಷ್ಟವಿಲ್ಲದಿದ್ದರೂ ಪ್ಲಾಸ್ಟಿಕ್ಕೇ ಗತಿ ಎನ್ನುವ ಸಂದರ್ಭ ಬಂದರೆ ಹುಲ್ಲಿನ ಬಣ್ಣಕ್ಕೆ ಹೊಂದದ ನೀಲಿ ಇಲ್ಲವೇ ಕಿತ್ತಳೆ ದಾರ ಆರಿಸಿ. ರೋಲು ಕೊಂಡವರಿಗೆ ಇದು ಪ್ಲಾಸ್ಟಿಕ್ ಎಂದು ಹೇಳಿಯೇ ಕೊಡಿ. ಬಿಚ್ಚಿದ ದಾರವನ್ನು ಕೊಟ್ಟಿಗೆಯ ಗೋಡೆಯ ಮೊಳೆಗೆ ಅಲ್ಲೇ ತಗುಲಿಸುವ ರೂಢಿ ಇರಲಿ, ರೋಲಿಗೊಂದು ದಾರ ಲೆಕ್ಕ ಸಿಗಬೇಕು. ಯಂತ್ರದ ಬೇರಿಂಗಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಬಿಸಿಗೆ ಕರಗಿ ಸೀಲನ್ನು ಹಾಳುಮಾಡುತ್ತದೆ, ಸಂಜೆ ಕೆಲಸ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ನೋಡಿ.

ಕೊಳ್ಳುವ ವಿಷಯ. ಮೊದಲಿನ ದಪ್ಪ ಇಲ್ಲ ಎಂದು ಬರೆದಿದ್ದೀರಿ. ತೆಳ್ಳಗಿರುವುದೆಲ್ಲ ಕೆಟ್ಟದ್ದಲ್ಲ. ಹುರಿಯನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ, ನೀವು ಖರ್ಚು ಮಾಡುವುದು ಮೀಟರ್ ಲೆಕ್ಕದಲ್ಲಿ. ಹತ್ತು ಮೀಟರ್ ಬಿಚ್ಚಿ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. 25 ಗ್ರಾಂ ಬಂದರೆ ಕಿಲೋಗೆ 400 ಮೀಟರ್. 40 ಗ್ರಾಂ ಬಂದರೆ 250 ಮೀಟರ್ ಮಾತ್ರ. ಕಿಲೋಗೆ 120 ರೂಪಾಯಿಯ ಹುರಿ 300 ಮೀಟರ್ ಬರುವುದಾದರೆ ಮೀಟರಿಗೆ 40 ಪೈಸೆ ಬಿತ್ತು, 140 ರೂಪಾಯಿಯದು 400 ಮೀಟರ್ ಬಂದರೆ 35 ಪೈಸೆ. ಎರಡನೆಯದೇ ಅಗ್ಗ, ಆದರೆ ಒಂದು ಷರತ್ತು. ನಾಲ್ಕೈದು ಮೀಟರನ್ನು ಬೆರಳ ಸಂದಿಯಲ್ಲಿ ನಿಧಾನವಾಗಿ ಎಳೆದು ನೋಡಿ. ಅಲ್ಲಲ್ಲಿ ಸಣಕಲಾಗಿ, ಅಲ್ಲಲ್ಲಿ ಗಡ್ಡೆಯಾಗಿ ಸಿಕ್ಕರೆ ಬೇಡ, ತುಂಡಾಗುವುದು ಸಣಕಲು ಜಾಗದಲ್ಲೇ. ಉಂಡೆಯ ಹೊಟ್ಟೆಗೆ ಬೆರಳು ತೂರಿಸಿ ತಣ್ಣಗಿದೆಯೇ ನೋಡಿ. ಸೆಣಬು ನೀರು ಕುಡಿಯುವ ವಸ್ತು, ಒದ್ದೆ ಉಂಡೆ ಕೊಂಡರೆ ನೀರಿಗೂ ಹುರಿಯ ಬೆಲೆ ಕೊಟ್ಟ ಹಾಗೆ. ಸೀಮೆಎಣ್ಣೆಯಂಥ ವಾಸನೆ ಜೋರಾಗಿದ್ದರೂ ಬಿಡಿ. ನೂಲುವಾಗ ನಾರು ಮೆತ್ತಗಾಗಲೆಂದು ಗಿರಣಿಯಲ್ಲಿ ಪೆಟ್ರೋಲಿಯಂ ಎಣ್ಣೆ ಸವರುತ್ತಾರೆ, ಅತಿಯಾದರೆ ಹುಲ್ಲಿಗೂ ವಾಸನೆ ಹತ್ತುತ್ತದೆ.

ಬಂಗಾಳದ ಹೊಸ ಸೆಣಬು ಕಟಾವಾಗುವುದು ಜುಲೈನಿಂದ ಸೆಪ್ಟೆಂಬರಿನವರೆಗೆ. ಆದ್ದರಿಂದ ದಸರಾ ಹೊತ್ತಿಗೆ ಹುರಿ ನಿಮ್ಮ ಮನೆಯಲ್ಲಿರಬೇಕು. ಒಬ್ಬರೇ ಹೋದರೆ ಚಿಲ್ಲರೆ ಬೆಲೆ. ಸುತ್ತಲಿನ ನಾಲ್ಕೈದು ಬೇಲರಿನವರು ಸೇರಿ ಕೊಂಡರೆ, ಅಥವಾ ನಿಮ್ಮ ಭಾಗದ ರೈತ ಉತ್ಪಾದಕರ ಸಂಸ್ಥೆಯ ಮೂಲಕ ತರಿಸಿದರೆ, ಸಗಟು ಬೆಲೆ ಸಿಗುತ್ತದೆ. ಗಿರಾಕಿಗಾಗಿ ಒಬ್ಬರ ಮೇಲೊಬ್ಬರು ದರ ಇಳಿಸುವವರು ಹುರಿ ಕೊಳ್ಳಲು ಒಟ್ಟಾಗುತ್ತಾರೆಯೇ ಎಂದು ಕೇಳುತ್ತೀರಿ. ಸ್ಟಾಕ್ ಇಲ್ಲದೆ ಒಂದು ಸುಗ್ಗಿ ಕೈಕಟ್ಟಿ ಕೂತವರು ಖಂಡಿತ ಒಟ್ಟಾಗುತ್ತಾರೆ. ತಂದದ್ದನ್ನು ನೆಲದ ಮೇಲೆ ಇಡಬೇಡಿ, ಹಲಗೆಯ ಮೇಲೆ ಇಡಿ. ಯೂರಿಯಾ ಚೀಲದ ಪಕ್ಕದಲ್ಲಂತೂ ಬೇಡ, ಯೂರಿಯಾ ತೇವ ಎಳೆಯುತ್ತದೆ, ಅದು ಹುರಿಗೂ ಹತ್ತುತ್ತದೆ. ಬೆಲೆ ಏರುತ್ತದೆಂದು ಎರಡು ವರ್ಷಕ್ಕಾಗುವಷ್ಟು ಕೂಡಿಡುವುದೂ ಮೂರ್ಖತನ, ನಮ್ಮ ಮಳೆಗಾಲದ ಥಂಡಿಗೆ ಸೆಣಬು ಜೀವ ಕಳೆದುಕೊಳ್ಳುತ್ತದೆ.

ಯಾವ ಹುಲ್ಲನ್ನು ರೋಲ್ ಮಾಡಬೇಕಿಲ್ಲ ಎನ್ನುವುದನ್ನೂ ಯೋಚಿಸಿ. ನಿಮ್ಮ ನಾಲ್ಕು ಹಸುಗಳಿಗೆ ಹಸಿರು ಮೇವಿನ ಜೊತೆ ದಿನಕ್ಕೆ ತಲಾ ಐದು ಕಿಲೋ ಒಣಹುಲ್ಲು ಎಂದರೂ ವರ್ಷಕ್ಕೆ 7,300 ಕಿಲೋ ಬೇಕು. ರೋಲಿನಲ್ಲಿ ಮುನ್ನೂರ ಮೂವತ್ತರ ಆಸುಪಾಸು, ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ಹುರಿ. ಮನೆಯ ಪಕ್ಕದ ಗದ್ದೆಯ ಹುಲ್ಲಿಗೆ ಇಷ್ಟು ಹುರಿ ಯಾಕೆ? ಅದನ್ನು ಬಿಡಿಯಾಗಿಯೇ ತಂದು ಬಣವೆ ಒಟ್ಟಿ. ಆಳು ಸಿಗದ ಕಷ್ಟ ಗೊತ್ತಿದೆ, ಆದರೂ ಒಂದು ಪಾಲಾದರೂ ಹಾಗೆ ಹೋಗಲಿ. ಕೈ ಕುಯ್ಲಿನ ರಾಗಿಯನ್ನು ಸಿವುಡು ಕಟ್ಟಿ ಮೆದೆ ಹಾಕುವವರಿಗೆ ಬೇಲರ್ ಬೇಕೇ ಇಲ್ಲ, ರೋಲ್ ಮಾಡಿಸಿ ಎಂದು ಅವರ ಹಿಂದೆ ಬೀಳಬೇಡಿ. ದೂರ ಸಾಗಿಸುವ ಹುಲ್ಲು, ಮಾರುವ ಹುಲ್ಲು, ಮುಂದಿನ ಬೆಳೆಯ ಉಳುಮೆಗೆ ಬೇಗ ತೆರವಾಗಬೇಕಾದ ಗದ್ದೆ, ಹುರಿ ಸಲ್ಲಬೇಕಾದದ್ದು ಇವಕ್ಕೆ.

ಒದ್ದೆ ಹುಲ್ಲಿಗೆ ಒಂದು ಮೀಟರ್ ಹುರಿಯನ್ನೂ ಹಾಕಬೇಡಿ. 2024ರ ಡಿಸೆಂಬರ್ ಮೊದಲ ವಾರದ ಫೆಂಗಲ್ ಚಂಡಮಾರುತದ ಮಳೆಯಂಥದ್ದು ಯಾವ ವರ್ಷವೂ ಬಂದೀತು. ಮಳೆ ನಿಂತ ಮಾರನೆಯ ದಿನವೇ ಬೇಲರ್ ತನ್ನಿ ಎಂದು ಫೋನ್ ಮೇಲೆ ಫೋನ್ ಬರುತ್ತದೆ. ಒಂದು ಹಿಡಿ ಹುಲ್ಲು ತೆಗೆದು ಹಗ್ಗ ಹೊಸೆಯುವ ಹಾಗೆ ತಿರುಚಿ. ಚಟಚಟನೆ ಮುರಿದರೆ ಸರಿ, ಮುರಿಯದೆ ಬಳುಕಿದರೆ ಇನ್ನೂ ತೇವ ಇದೆ. ಶೇಕಡಾ 18ಕ್ಕಿಂತ ಹೆಚ್ಚು ತೇವವಿರುವ ರೋಲು ಒಳಗೊಳಗೇ ಕಾವೇರಿ ಬೂಷ್ಟು ಹಿಡಿಯುತ್ತದೆ. ಬಿಗಿ ರೋಲಾದರೆ ಇನ್ನೂ ಬೇಗ, ಇದು ನೆನಪಿರಲಿ. ಬಿಗಿ ಕಟ್ಟುವವನು ಒಣಹುಲ್ಲನ್ನೇ ಕಟ್ಟಬೇಕು.

ಕೊನೆಗೆ, ದರ ಹೇಳುವ ಕ್ರಮ. ಹುರಿಯನ್ನು ಕೂಲಿಯೊಳಗೆ ಬಚ್ಚಿಟ್ಟು ಒಂದೇ ಮೊತ್ತ ಹೇಳುವುದನ್ನು ಬಿಡಿ. ಯಂತ್ರದ ಕೂಲಿ ಇಷ್ಟು, ಹುರಿ ಇಷ್ಟು ಎಂದು ಬೇರೆ ಬೇರೆ ಹೇಳಿ. ಹುರಿ ತಾನೇ ತಂದುಕೊಡುತ್ತೇನೆ ಎನ್ನುವ ಗಿರಾಕಿಗೆ ಕೂಲಿ ಮಾತ್ರ ಹಾಕಿ, ಆದರೆ ಅವನು ತಂದ ಉಂಡೆಯನ್ನು ಮೇಲೆ ಹೇಳಿದ ಹಾಗೆ ಬೆರಳಲ್ಲಿ ಎಳೆದು ನೋಡದೆ ಪೆಟ್ಟಿಗೆಗೆ ಹಾಕಬೇಡಿ. ಗದ್ದೆಗೆ ಇಳಿಯುವ ಮೊದಲೇ ರೋಲಿನ ತೂಕ, ಸುತ್ತು, ದರ ಮೂರನ್ನೂ ಮಾತಾಡಿಕೊಳ್ಳಿ. ಮೊದಲ ಐದು ರೋಲು ತೂಗಿದಾಗ ಹೇಳಿದ್ದಕ್ಕಿಂತ ತೂಕ ಕಡಿಮೆ ಬಂದರೆ ಅಷ್ಟರ ಮಟ್ಟಿಗೆ ದರ ಇಳಿಸಿಕೊಳ್ಳಿ. ಹೆಚ್ಚು ಬಂದರೆ ಮುಂದಿನ ಗದ್ದೆಯವರಿಗೆ ಆ ತೂಕವನ್ನೇ ಹೇಳಿ.